ಹಗಲು ಹೊತ್ತಿನ ಸ್ಥಳಾಂತರ

ಮೇಡಂ ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ಕೂತರೆ ತುದಿಯಲ್ಲಿ, ಅದೂ ಇನ್ನೇನು ಎದ್ದು ಹೊರಡುವವರ ಭಂಗಿಯಲ್ಲಿ. ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಉಳಿದವರ ಕುರ್ಚಿಗಳೆಲ್ಲ ಬೆನ್ನು ಸವೆದು ಸ್ಪಂಜು ಇಣುಕುತ್ತಿದ್ದರೆ ಅವರ ಕುರ್ಚಿಗೆ ಮಾತ್ರ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಲ್ಯಾಪ್‌ಟಾಪನ್ನು ಎಡಗೈ ಮೇಲೆ ಇಟ್ಟುಕೊಂಡು, ಬಲಗೈಯಲ್ಲಿ ಟೈಪು ಮಾಡುತ್ತ, ಕಾರಿಡಾರಿನ ಉದ್ದಕ್ಕೂ ಓಡಾಡುತ್ತಿದ್ದರು. ಮೀಟಿಂಗಿನಲ್ಲಿ ಎಲ್ಲರೂ ಕೂತಿದ್ದಾಗ ಇವರು ಕಿಟಕಿಯ ಬಳಿ ನಿಂತು ಕಾಲಿನಿಂದ ನೆಲ ತಟ್ಟುತ್ತಿದ್ದರು. ಬಸ್ಸು ಸಿಗ್ನಲ್ಲಿನಲ್ಲಿ ನಿಂತರೆ ಇಳಿದು ನಡೆದುಬಿಡುವವರು. ಆಮೇಲೆ ಅದೇ ಬಸ್ಸು ಅವರನ್ನು ದಾಟಿ ಹೋಗುವುದನ್ನು ನಾನೇ ಕಂಡಿದ್ದೇನೆ. ಹೇಳಿದರೆ, "ಹೋಗ್ಲಿ ಬಿಡೋ, ನಿಂತ್ಕೊಂಡಿರೋದ್ ತಪ್ತಲ್ಲ" ಎನ್ನುತ್ತಿದ್ದರು.

ಕಳೆದ ವಾರ ನಮ್ಮ ಹಳೆಯ ಡೇಟಾ ಸೆಂಟರ್ ಖಾಲಿಯಾಯಿತು. ಎಲೆಕ್ಟ್ರಾನಿಕ್ ಸಿಟಿಯ ಆಚೆ ಒಂದು ಬಾಡಿಗೆ ಕಟ್ಟಡದಲ್ಲಿ, ಸದಾ ಚಳಿ ಹಿಡಿಸುವ ಒಂದು ಹಾಲಿನಲ್ಲಿ ನಮ್ಮ ಕಂಪ್ಯೂಟರುಗಳು ಗುಂಯ್‌ಗುಡುತ್ತಿದ್ದವು. ಅವುಗಳ ಒಳಗಿದ್ದದ್ದೆಲ್ಲ ಈಗ ನೊಯಿಡಾಕ್ಕೆ ಹೋಗಿದೆ. ಕೊನೆಯ ಫ್ಯಾನು ನಿಂತ ಮೇಲೆ ಕೇಕ್ ಕತ್ತರಿಸಿದರು, ಫೋಟೋ ತೆಗೆಸಿಕೊಂಡರು. ಮ್ಯಾನೇಜರು ಭಾಷಣದಲ್ಲಿ ಟೀಮು ಟೀಮು ಎಂದರೇ ಹೊರತು ಮೇಡಂ ಸುದ್ದಿ ಎತ್ತಲಿಲ್ಲ. ಈ ಕೆಲಸದ ಮುಕ್ಕಾಲು ಪಾಲನ್ನು ಮಾಡಿ ಹೋದವರು ಅವರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಒಂದೆರಡು ಮಾತು ಹೆಚ್ಚು ಕಡಿಮೆಯಾದರೆ ಆಗಲಿ.

ಅವರ ಕೆಲಸ ಏನೆಂದು ಮೊದಲು ಹೇಳಬೇಕು. ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್. ಕಬ್ಬಿಣದ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಇಂಥವು ಹತ್ತಾರು ಇರುತ್ತವೆ. ಪ್ರತಿಯೊಂದೂ ತಾನೊಂದು ಪೂರ್ತಿ ಕಂಪ್ಯೂಟರ್ ಎಂದು ನಂಬಿಕೊಂಡು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಇದನ್ನು ಒಂದು ಊರಿನ ಪೆಟ್ಟಿಗೆಯಿಂದ ಇನ್ನೊಂದು ಊರಿನ ಪೆಟ್ಟಿಗೆಗೆ, ಅದು ಕೆಲಸ ಮಾಡುತ್ತಿರುವಾಗಲೇ ಸಾಗಿಸಬಹುದು. ಅದರ ನೆನಪನ್ನು ಪುಟಪುಟವಾಗಿ ಆ ಕಡೆಗೆ ಕಳುಹಿಸಬೇಕು. ಕಳುಹಿಸುತ್ತಿರುವಾಗಲೇ ಇಲ್ಲಿ ಕೆಲವು ಪುಟ ಬದಲಾಗುತ್ತವೆ, ಅವನ್ನು ಮತ್ತೆ ಕಳುಹಿಸಬೇಕು. ಹಾಗೆ ಕಳುಹಿಸಿ ಕಳುಹಿಸಿ, ಬಾಕಿ ತೀರ ಕಡಿಮೆಯಾದಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು ಇಲ್ಲಿ ನಿಲ್ಲಿಸಿ ಅಲ್ಲಿ ಎಬ್ಬಿಸಬೇಕು. ಕೆಲಸ ಸರಿಯಾಗಿ ಆದರೆ ಮಷೀನಿಗೂ ಗೊತ್ತಾಗುವುದಿಲ್ಲ, ಅದನ್ನು ಬಳಸುವವರಿಗೂ ಗೊತ್ತಾಗುವುದಿಲ್ಲ. "ಯಾರೂ ಫೋನ್ ಮಾಡ್ಲಿಲ್ಲ ಅಂದ್ರೆ ಅದೇ ನಮಗೆ ಹಾರ ತುರಾಯಿ" ಎಂಬುದು ಮೇಡಂ ಮಾತು.

ಇಂಥ ಕೆಲಸವನ್ನು ಲೋಕದಲ್ಲೆಲ್ಲ ರಾತ್ರಿ ಮಾಡುತ್ತಾರೆ. ಮೇಡಂ ಹಗಲಲ್ಲಿ ಮಾಡುತ್ತಿದ್ದರು. ಇದೇ ಅವರಿಗೂ ಮ್ಯಾನೇಜರಿಗೂ ಮುಗಿಯದ ಜಗಳ. ಹಗಲಲ್ಲಿ ಮಷೀನುಗಳಿಗೆ ಕೆಲಸ ಜಾಸ್ತಿ, ಪುಟಗಳು ಬದಲಾಗುವುದೂ ಜಾಸ್ತಿ, ಏನಾದರೂ ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬುದು ಮ್ಯಾನೇಜರ ವಾದ. ಊರಿಗೆ ಗೊತ್ತಾಗಲಿ ಎಂದೇ ಹಗಲಲ್ಲಿ ಮಾಡುವುದು ಎಂದು ಇವರು. "ರಾತ್ರಿ ಕೆಡಿಸಿದ್ದು ಗೊತ್ತಾಗೋಕೆ ಬೆಳಗಾಗ್ಬೇಕು ಸಾರ್. ಹಗಲು ಕೆಟ್ರೆ ಬಳಸೋರು ಎದ್ದಿರ್ತಾರೆ, ತಕ್ಷಣ ಬೈತಾರೆ. ಬೈಯೋರು ಎದ್ದಿರೋವಾಗ್ಲೇ ಕೆಲಸ ಮಾಡ್ಬೇಕು." ಮ್ಯಾನೇಜರು ವಿಡಿಯೋ ಕಾಲಿನಲ್ಲಿ ಹಣೆ ಉಜ್ಜಿಕೊಂಡು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.

ಹಗಲು ಎಂದರೆ ಯಾವ ಹೊತ್ತಿಗೋ ಅಲ್ಲ. ಆಯಾ ಮಷೀನಿಗೆ ಪುರುಸೊತ್ತಾಗುವ ಹೊತ್ತು ಯಾವುದೆಂದು ತಿಳಿಯಲು ಅವರು ಅದನ್ನು ಬಳಸುವವರ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನಮ್ಮ ಗಿರಾಕಿಗಳಲ್ಲಿ ರಕ್ತ ಪರೀಕ್ಷೆಯ ಒಂದು ಲ್ಯಾಬ್ ಇತ್ತು. ನಮ್ಮೂರಿನಲ್ಲೇ, ಸಿದ್ದಾಪುರದಲ್ಲಿ ಮುಖ್ಯ ಲ್ಯಾಬು, ಬೇಗೂರಿನಲ್ಲಿ ರಕ್ತ ತೆಗೆದುಕೊಳ್ಳುವ ಒಂದು ಸಣ್ಣ ಶಾಖೆ. ಆ ಲ್ಯಾಬಿನ ಮಷೀನು ಎತ್ತುವ ಮುಂಚೆ ನನ್ನನ್ನೂ ಎಳೆದುಕೊಂಡು ಬೆಳಿಗ್ಗೆಯೇ ಸಿದ್ದಾಪುರಕ್ಕೆ ಹೊರಟರು. "ಎತ್ತೋ ಮುಂಚೆ ಮನೆಯವರನ್ನ ಒಂದ್ ಮಾತು ಕೇಳ್ಬೇಕು ಕಣೋ."

ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು, ಖಾಲಿ ಹೊಟ್ಟೆಯವರ ಸಿಟ್ಟು. ಕೌಂಟರಿನಲ್ಲಿದ್ದ ಅಕ್ಕ ಮೇಡಂ ಮುಖ ನೋಡಿ, "ಏನ್ ಟೆಸ್ಟ್ ಮೇಡಂ? ತಿಂಡಿ ತಿಂದಿದ್ದೀರಾ?" ಎಂದು ಕೇಳಿದರು. ನಾವು ಸುಮ್ಮನೆ ನಿಂತು ನೋಡಲು ಬಂದವರು ಎಂದರೆ ಆಚೆ ದಬ್ಬಿಯಾರು ಎಂದು ಹೆದರಿ, ಮೇಡಂ ನನ್ನತ್ತ ಕೈ ತೋರಿಸಿ, "ಇವನಿಗೆ ಶುಗರ್ ಟೆಸ್ಟು" ಎಂದುಬಿಟ್ಟರು. ನನ್ನ ಮೈಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ನನಗೆ ಮೊದಲ ಬಾರಿ ತಿಳಿದದ್ದು ಹೀಗೆ, ಆಫೀಸಿನ ಖರ್ಚಿನಲ್ಲಿ. ನಾನು ತೋಳಿಗೆ ಹತ್ತಿ ಒತ್ತಿಕೊಂಡು ಕೂತಿರುವಾಗ ಮೇಡಂ ಆ ಅಕ್ಕನ ಜೊತೆ ಇಡೀ ದಿನದ ಕಥೆ ಮಾತಾಡಿ ಮುಗಿಸಿದ್ದರು. ಬೆಳಗಿನ ನೂಕುನುಗ್ಗಲು ಇಳಿದು, ರಿಪೋರ್ಟು ಕೇಳುವವರು ಬರುವ ಮುಂಚೆ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ಒಂದು ಬಿಡುವು ಸಿಗುತ್ತದೆ ಎಂದು ಗೊತ್ತಾಯಿತು. ಹೊರಡುವಾಗ ತಮ್ಮ ಫೋನ್ ನಂಬರನ್ನೂ ನನ್ನ ನಂಬರನ್ನೂ ಆಕೆಗೆ ಕೊಟ್ಟು, "ಆವತ್ತು ಏನಾದ್ರೂ ಒಂಚೂರು ವಿಚಿತ್ರ ಕಂಡ್ರೂ ಫೋನ್ ಮಾಡಿ ಅಕ್ಕ, ಮುಲಾಜು ಬೇಡ" ಎಂದರು. ಇಷ್ಟು ಮಾಡಿಯೂ ಅವರಿಗೆ ಸಮಾಧಾನವಿಲ್ಲ. ಮೆಟ್ಟಿಲಿಳಿದವರು ಮತ್ತೆ ಹತ್ತಿ ಹೋಗಿ ಇನ್ನೊಂದು ಸಲ ಅದನ್ನೇ ಹೇಳಿ ಬಂದರು.

ಮೇಡಂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕತ್ರಿಗುಪ್ಪೆಯಲ್ಲಿ ತಾಯಿಯ ಜೊತೆ ಇದ್ದರು. ಜೊತೆ ಎಂದರೆ ವರ್ಷದಲ್ಲಿ ಅರ್ಧ. ಉಳಿದರ್ಧ ತಾಯಿ ಪುಣೆಯಲ್ಲಿ ಮಗನ ಮನೆಯಲ್ಲಿ, ಅಂದರೆ ಮೇಡಂ ಅವರ ತಮ್ಮನ ಹತ್ತಿರ. ಅಕ್ಕ ತಮ್ಮ ಮಾತಾಡಿಕೊಂಡು ಮಾಡಿಕೊಂಡ ಪಾಳಿ ಅದು. ತಾಯಿಗೆ ಮರೆವಿನ ಕಾಯಿಲೆ ಶುರುವಾದ ಮೇಲೂ ಪಾಳಿ ಹಾಗೇ ನಡೆಯಿತು. ಹಗಲು ನೋಡಿಕೊಳ್ಳಲು ಒಬ್ಬ ಆಂಟಿ ಬರುತ್ತಿದ್ದರು. ಅವರಿಗೆ ಮೇಡಂ ಗಳಿಗೆಗೊಂದು ಫೋನ್ ಮಾಡುತ್ತಿದ್ದರು.

ಮೊದಲ ಸಲ ಪುಣೆಯಿಂದ ವಾಪಸ್ ಬಂದಾಗ ತಾಯಿ ಬಚ್ಚಲು ಎಲ್ಲಿ ಎಂದು ಕೇಳಿದರಂತೆ. ಮುಂದಿನ ಸಲ ಬಂದಾಗ ಕುಕ್ಕರಿನ ಮುಚ್ಚಳ ಹಾಕುವುದು ಮರೆತುಹೋಗಿತ್ತು. ಇನ್ನೊಂದು ಸಲ ಬಂದಾಗ ಬಾಗಿಲು ತೆಗೆದ ಮಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟರಂತೆ. ಇದನ್ನು ಮೇಡಂ ನನಗೆ ಹೇಳಿದ್ದು ಸಾರಕ್ಕಿಯ ಒಂದು ದರ್ಶಿನಿಯಲ್ಲಿ, ನಿಂತುಕೊಂಡು ಚಿತ್ರಾನ್ನ ತಿನ್ನುತ್ತ.

"ಹೆಸರು ಬಾಯಿಗೆ ಬರೋಕೆ ಎಷ್ಟ್ ಹೊತ್ತಾಯ್ತು ಗೊತ್ತಾ? ನಾನೂ ಹೇಳಿ ಕೊಡ್ಲಿಲ್ಲ. ಬರುತ್ತಾ ನೋಡೋಣ ಅಂತ ನಿಂತಿದ್ದೆ. ಬಂತು. ಇನ್ನೊಂದ್ ಸಲ ಹೋಗಿ ಬಂದ್ರೆ ಬರಲ್ಲ ಕಣೋ. ಅಮ್ಮಂಗೆ ನಾನ್ ಯಾರು ಅಂತ್ಲೇ ಗೊತ್ತಾಗಲ್ಲ."

ಏನಾದರೂ ಹೇಳಬೇಕಲ್ಲ ಎಂದು ನಾನು, "ನೀವು ಅಷ್ಟೊಂದು ಮಷೀನ್‌ಗಳನ್ನ ಒಂದು ಅಕ್ಷರ ಕಳ್ಕೊಳ್ದೆ ಸಾಗಿಸ್ತೀರಲ್ಲ ಮೇಡಂ..." ಎಂದು ಏನೋ ಬಡಬಡಿಸಿದೆ.

ತಟ್ಟೆ ಕುಕ್ಕಿದರು. "ನಮ್ಮಮ್ಮನ್ನ ಮಷೀನ್ ಜೊತೆ ಸೇರಿಸ್ಬೇಡ. ಮಷೀನ್‌ಗೆ ಹೋದ ಊರಲ್ಲೂ ಅದೇ ಗೋಡೆ, ಅದೇ ಬಾಗಿಲು ಮಾಡಿ ಇಟ್ಟಿರ್ತೀವಿ. ಅದಕ್ಕೇ ಅದಕ್ಕೆ ಗೊತ್ತಾಗಲ್ಲ. ಅಮ್ಮಂಗೆ ಯಾರು ಮಾಡಿ ಇಡ್ತಾರೆ?"

ಮುಂದಿನ ತಿಂಗಳು ತಮ್ಮ ಬಂದಾಗ ಎದುರು ಕೂರಿಸಿಕೊಂಡು, ಅಮ್ಮನನ್ನು ಇನ್ನು ಕಳುಹಿಸುವುದಿಲ್ಲ ಎಂದು ಹೇಳಿಬಿಡಬೇಕು ಎಂದು ತೀರ್ಮಾನ ಮಾಡಿದ್ದರು. ಹೇಗೆ ಹೇಳುವುದು ಎಂದು ಕಾರಿಡಾರಿನಲ್ಲಿ ಓಡಾಡುತ್ತ ಬಾಯಲ್ಲೇ ತಾಲೀಮು ಮಾಡುತ್ತಿದ್ದರು. ತಮ್ಮ ಕೆಟ್ಟವನೇನಲ್ಲ. ಅಮ್ಮನಿಗಾಗಿ ಒಂದು ಕೋಣೆಯನ್ನೇ ಸಿದ್ಧ ಮಾಡಿಟ್ಟವನು. ಅವನು ಕೆಟ್ಟವನಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತು ಎಂದು ಒಮ್ಮೆ ಅಂದರು.

ಲ್ಯಾಬಿನ ಮಷೀನು ಸಾಗಿಸುವ ದಿನ ಬಂತು. ಬೆಳಗಿನ ರಶ್ ಇಳಿದ ಮೇಲೆ ಶುರು ಮಾಡಿದೆವು. ಪುಟಗಳು ಒಂದೇ ಸಮ ನೊಯಿಡಾದತ್ತ ಹೋಗುತ್ತಿದ್ದವು, ಬಾಕಿ ಕರಗುತ್ತ ಬಂತು. ಮೇಡಂ ನನ್ನ ಬೆನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದರು. ಸರಿಯಾಗಿ ಇಲ್ಲಿ ನಿಲ್ಲಿಸಿ ಅಲ್ಲಿ ಎಬ್ಬಿಸುವ ಗಳಿಗೆಯಲ್ಲಿ ಎರಡು ಊರುಗಳ ನಡುವಿನ ಲೈನು ಕಡಿದುಹೋಯಿತು. ಇಲ್ಲಿ ಮಷೀನು ನಿಂತಿದೆ. ಅಲ್ಲಿ ಎದ್ದಿದೆಯೋ ಇಲ್ಲವೋ ತಿಳಿಯದು. ಪರದೆಯ ಮೇಲೆ ಪ್ರಶ್ನೆ ಬಂದಿದೆ: ಇಲ್ಲೇ ಮತ್ತೆ ಎಬ್ಬಿಸಲೇ?

ಇಂಥ ಹೊತ್ತಿಗೆಂದೇ ಮೇಡಂ ನಮಗೆಲ್ಲ ತಲೆಗೆ ತುಂಬಿದ್ದ ಒಂದು ನಿಯಮವಿತ್ತು. ಅಲ್ಲಿ ಎದ್ದಿಲ್ಲ ಎಂದು ಕಣ್ಣಾರೆ ನೋಡುವ ತನಕ ಇಲ್ಲಿ ಎಬ್ಬಿಸಕೂಡದು. ನೊಯಿಡಾದವರಿಗೆ ಫೋನ್ ಮಾಡಿ, ಅವರು ಪೆಟ್ಟಿಗೆಯ ಮುಂದೆ ನಿಂತು ಇಲ್ಲ ಎಂದು ಹೇಳಬೇಕು. ಆಮೇಲೆ ಪರದೆಯ ಮೇಲಿನ 'ಹೌದು' ಒತ್ತಬೇಕು. ಮೇಡಂ ಫೋನ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಅದೇ ಬಡಿದುಕೊಂಡಿತು. ತಮ್ಮ.

ಅವನ ದನಿ ನನಗೂ ಕೇಳುತ್ತಿತ್ತು. "ಅಕ್ಕಾ, ನಾನ್ ಮನೇಲಿದ್ದೀನಿ. ಆಫೀಸ್ ಕೆಲಸಕ್ಕೆ ಬಂದಿದ್ದೆ, ಇವತ್ತಿನ್ ಟ್ರೈನ್‌ಗೆ ಟಿಕೆಟ್ ಸಿಕ್ತು. ಅಮ್ಮನ್ನ ಈಗ್ಲೇ ಕರ್ಕೊಂಡ್ ಹೋಗ್ತೀನಿ. ಮತ್ತೆ ಯಾಕೆ ಸುಮ್ನೆ ಇನ್ನೊಂದ್ ಸಲ ಬರೋದು?"

ಮೇಡಂ ಬಿಳಿಚಿಕೊಂಡರು. "ಇರು, ಇರು, ಕಾಯ್ತಿರು" ಎನ್ನುತ್ತಲೇ ನನ್ನ ಭುಜದ ಮೇಲಿಂದ ಕೈ ಚಾಚಿ ಒತ್ತಿಬಿಟ್ಟರು. ಮಷೀನು ಇಲ್ಲಿ ಎದ್ದಿತು. ಲೈನು ಮರಳಿದಾಗ ನೋಡಿದರೆ ಅಲ್ಲಿಯೂ ಎದ್ದು ಕೂತಿತ್ತು.

ಒಂದೇ ಮಷೀನು ಎರಡು ಊರಿನಲ್ಲಿ, ಒಂದೇ ಹೆಸರಿನಲ್ಲಿ, ಎರಡಕ್ಕೂ ತಾನೇ ಅಸಲಿ ಎಂಬ ನಂಬಿಕೆ. ಇದರ ಅರ್ಥವೇನೆಂದು ನಮಗೆ ತಿಳಿಯುವ ಮೊದಲೇ ಸಿದ್ದಾಪುರದ ಅಕ್ಕ ನನ್ನ ನಂಬರಿಗೆ ಫೋನ್ ಮಾಡಿದರು.

"ಸಾರ್, ಮೇಡಂ ವಿಚಿತ್ರ ಕಂಡ್ರೆ ಹೇಳಿ ಅಂದಿದ್ರಲ್ಲ. ಇಲ್ಲಿ ಒಬ್ರು ಅಂಕಲ್‌ಗೆ ಕೊಟ್ಟ ಸ್ಯಾಂಪಲ್ ನಂಬರ್ರೇ ಬೇಗೂರಲ್ಲಿ ಒಬ್ಬ ಬಸುರಿ ಹೆಂಗಸಿಗೂ ಬಂದಿದೆಯಂತೆ. ಇಬ್ರ ರಕ್ತಾನೂ ಈಗ ಒಂದೇ ನಂಬರಲ್ಲಿದೆ. ಏನ್ ಮಾಡ್ಲಿ?"

ಸಿದ್ದಾಪುರದವರು ಇಲ್ಲಿನ ಮಷೀನಿನಲ್ಲಿ ಬರೆಯುತ್ತಿದ್ದರು, ಬೇಗೂರಿನವರು ನೊಯಿಡಾದ್ದರಲ್ಲಿ. ಎರಡೂ ನಿಂತಲ್ಲಿಂದ ಅವೇ ಮುಂದಿನ ನಂಬರುಗಳನ್ನು ಕೊಡುತ್ತಿದ್ದವು. ಒಬ್ಬರ ರಿಪೋರ್ಟು ಇನ್ನೊಬ್ಬರ ಹೆಸರಿಗೆ ಹೋಗಲು ಇನ್ನೇನು ಬೇಕು? ತಿರುಗಿ ನೋಡಿದರೆ ಮೇಡಂ ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದಾರೆ. ಒಂದು ಹೆಜ್ಜೆ ಬಾಗಿಲ ಕಡೆಗೆ, ಒಂದು ಹೆಜ್ಜೆ ನನ್ನ ಕಡೆಗೆ. ಅವರು ಅಷ್ಟು ಒದ್ದಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಕೇಳಿಸ್ಕೋ" ಎಂದರು. "ಇವತ್ತು ಒಂದು ರಿಪೋರ್ಟೂ ಆಚೆ ಹೋಗ್ಬಾರ್ದು ಅಂತ ಆ ಅಕ್ಕಂಗೆ ಹೇಳು. ಎರಡೂ ಮಷೀನ್ ನಿಲ್ಸು. ಯಾವುದನ್ನೂ ಅಳಿಸ್ಬೇಡ. ಒಂದು ಅಸಲಿ, ಇನ್ನೊಂದು ನಕಲಿ ಅಂತ ಇಲ್ಲ ಇದ್ರಲ್ಲಿ. ಎರಡ್ರಲ್ಲೂ ನಿಜವಾದ ಜನ ಇದ್ದಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಹೆಸರು ಕೇಳಿ ಸೇರಿಸು. ನಾನ್... ನಾನ್ ಹೋಗ್ಬೇಕು ಕಣೋ."

ಹೋದರು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದರು. ನಾನೂ ಆ ಅಕ್ಕನೂ ಸೇರಿ ಮಧ್ಯಾಹ್ನವಿಡೀ ಫೋನ್ ಮಾಡಿದೆವು. ಬೇಗೂರಿನ ಬಸುರಿ ಹೆಂಗಸಿಗೆ ಮೊದಲು ಮಾಡಿದೆವು. ಆ ಅಂಕಲ್, "ಏನಪ್ಪಾ, ನನ್ ರಕ್ತ ಕಳೆದ್ ಹಾಕಿದ್ರಾ?" ಎಂದು ಬೈದರು. ಬೈದದ್ದು ಒಳ್ಳೆಯದೇ ಆಯಿತು, ನನಗೆ ನಗು ಬಂತು. ಸಂಜೆಯ ಹೊತ್ತಿಗೆ ಎರಡನ್ನೂ ಸೇರಿಸಿ ಒಂದು ಮಾಡಿದ್ದಾಯಿತು. ಆವತ್ತು ರಿಪೋರ್ಟುಗಳು ತಡವಾದವು, ಒಂದೂ ತಪ್ಪಾಗಲಿಲ್ಲ. ರಾತ್ರಿ ಮಾಡಿದ್ದರೆ, ಬೆಳಿಗ್ಗೆ ಸಾಲುಗಟ್ಟಿ ನಿಂತ ಜನರೆಲ್ಲರ ರಕ್ತ ಅದಲುಬದಲಾಗುವ ತನಕ ಯಾರಿಗೂ ತಿಳಿಯುತ್ತಿರಲಿಲ್ಲ.

ಮರುದಿನ ಮೇಡಂ ಬಂದರು. ಮ್ಯಾನೇಜರು ಕಾದಿದ್ದವರಂತೆ, ಹಗಲಲ್ಲಿ ಮಾಡಿದರೆ ಹೀಗೇ ಆಗುವುದು ಎಂದು ಶುರು ಮಾಡಿದರು. "ತಪ್ಪು ನಂದು ಸಾರ್. ಹಗಲಿಂದಲ್ಲ" ಎಂದು ಮೇಡಂ ಅಷ್ಟೇ ಹೇಳಿದರು. ಅಂದೇ ರಾಜೀನಾಮೆ ಕೊಟ್ಟರು.

ಕಾರಿಡಾರಿನಲ್ಲಿ ನನ್ನನ್ನೂ ಓಡಾಡಿಸುತ್ತ ಹಿಂದಿನ ದಿನದ್ದನ್ನು ಹೇಳಿದರು. ಅವರು ಕತ್ರಿಗುಪ್ಪೆ ಮುಟ್ಟುವಷ್ಟರಲ್ಲಿ ತಾಯಿಯನ್ನು ಟ್ಯಾಕ್ಸಿಯಲ್ಲಿ ಕೂರಿಸಿಯಾಗಿತ್ತಂತೆ. "ಏನೇನೋ ಮಾತು ರೆಡಿ ಮಾಡ್ಕೊಂಡಿದ್ದೆ. ಒಂದೂ ಬರ್ಲಿಲ್ಲ. ಡೋರ್ ತೆಗ್ದು ಅಮ್ಮನ್ ಸೀಟ್ ಬೆಲ್ಟ್ ಬಿಚ್ದೆ, ಅಷ್ಟೇ. ನನ್ ತಮ್ಮ ಕೇಳ್ದ, ಕೆಲಸಕ್ ಹೋಗ್ತಾ ಅಮ್ಮನ್ನ ವರ್ಷವೆಲ್ಲಾ ಹೇಗಕ್ಕಾ ನೋಡ್ಕೋತೀಯ ಅಂತ. ಸರಿಯಾಗೇ ಕೇಳ್ದ. ಅದಕ್ಕೇ ಕೆಲಸ ಬಿಟ್ಟೆ. ಅಮ್ಮ ಇನ್ಮೇಲೆ ಎಲ್ಲಿಗೂ ಹೋಗಲ್ಲ. ಒಂದೇ ಕಡೆ ಇದ್ರೆ ನನ್ನ ಮರೆಯಲ್ಲ."

ಆಮೇಲೆ ನಾನು ಅವರನ್ನು ನೋಡಿದ್ದು ಕಳೆದ ವಾರವೇ. ಫೋನಿನಲ್ಲಿ ಮಾತಾಡುತ್ತಿದ್ದೆವು, ಮೆಸೇಜುಗಳಿದ್ದವು. ಅಮ್ಮ ಹೇಗಿದ್ದಾರೆ ಎಂದರೆ, ಇದ್ದಾರೆ ಎನ್ನುತ್ತಿದ್ದರು. ಹಳೆಯ ಸೆಂಟರಿನ ಆ ಕೇಕಿನ ಗಲಾಟೆ ಮುಗಿಸಿ, ಸಿಟ್ಟಿನಲ್ಲಿ ನೇರ ಕತ್ರಿಗುಪ್ಪೆಗೆ ಹೋದೆ. ಸಂಜೆಯಾಗಿತ್ತು. ನೆಲಮಹಡಿಯ ಮನೆ. ಬಾಗಿಲು ತೆಗೆದ ಮೇಡಂ ತೀರ ಇಳಿದುಹೋಗಿದ್ದರು. ಅವರ ಹಿಂದೆ ತಾಯಿ, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲೊಂದು ಬಟ್ಟೆ ಚೀಲ, ಹೊರಡಲು ತಯಾರಾಗಿ ನಿಂತಿದ್ದರು.

ತಾಯಿ ಮೇಡಂ ತೋಳು ಹಿಡಿದುಕೊಂಡು, "ನೀವು ಚೆನ್ನಾಗೇ ನೋಡ್ಕೊಂಡ್ರಿ. ನಿಮ್ಮನ್ನ ನಾನೇನೂ ಅನ್ನಲ್ಲ. ಆದ್ರೆ ಬೇರೆಯವರ ಮನೇಲಿ ಎಷ್ಟ್ ದಿನ ಅಂತ ಇರ್ಲಿ? ನನ್ನ ಮಗಳ ಮನೆಗೆ ಕಳಿಸ್ಕೊಟ್ಬಿಡಿ" ಎಂದರು.

"ಆಯ್ತಮ್ಮ, ಹೊರಡಿ, ಹೋಗೋಣ" ಎಂದರು ಮೇಡಂ. ನನ್ನತ್ತ ತಿರುಗಿ ಮೆಲ್ಲಗೆ, "ದಿನಾ ಇಷ್ಟೇ. ಬಾ, ನೀನೂ ಆಟೋ ಹತ್ತು" ಎಂದರು.

ಬೀದಿಯ ತುದಿಯಲ್ಲಿ ಆಟೋದವನು ಕಾದಿದ್ದ. "ಏನಜ್ಜಿ, ಮಗಳ ಮನೆಗಾ?" ಎಂದ. ತಾಯಿ ಹೌದೆಂದು ತಲೆಯಾಡಿಸಿದರು. ಮೂವರೂ ಕೂತೆವು. ಆಟೋ ರಿಂಗ್ ರೋಡಿಗೆ ಹೋಯಿತು, ಸಿಗ್ನಲ್ಲಿನಲ್ಲಿ ನಿಂತಿತು, ಬನಶಂಕರಿ ಕಡೆಗೆ ಒಂದು ಸುತ್ತು ಹಾಕಿತು. ತಾಯಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗಡಿಗಳನ್ನು ನೋಡುತ್ತಿದ್ದರು. ಮೇಡಂ ಹೊರಗೆ ನೋಡುತ್ತಿದ್ದರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಮಳೆಗಾಲದಿಂದ. ಎಲ್ಲಿಗೂ ಕಳಿಸ್ಲಿಲ್ಲ ಕಣೋ, ಒಂದ್ ದಿನವೂ ಕಳಿಸ್ಲಿಲ್ಲ. ಆದ್ರೂ ಹೋಯ್ತು" ಎಂದರು. ನನಗೆ ಅಳು ಬಂತು. ಕೇಕಿನ ಸಿಟ್ಟೆಲ್ಲ ಎಷ್ಟು ಕ್ಷುಲ್ಲಕ ಅನ್ನಿಸಿತು.

ಆಟೋ ಸುತ್ತಿ ಬಳಸಿ ಅದೇ ಮನೆಯ ಮುಂದೆ ಬಂದು ನಿಂತಿತು. ತಾಯಿ ಗೇಟು ನೋಡಿದರು, ಗೋಡೆ ನೋಡಿದರು. ಮುಖ ಅರಳಿತು. "ಇದೇ, ಇದೇ ನನ್ನ ಮಗಳ ಮನೆ" ಎಂದು ಅವಸರ ಅವಸರವಾಗಿ ಇಳಿದರು. ಮೆಟ್ಟಿಲ ಬಳಿ ನಿಂತು ಮೇಡಂ ಕಡೆ ತಿರುಗಿದರು.

"ಇಷ್ಟ್ ದೂರ ಕರ್ಕೊಂಡ್ ಬಂದ್ರಿ. ಹಾಗೇ ಹೋಗ್ಬೇಡಿ. ಒಳಗೆ ಬನ್ನಿ, ನನ್ನ ಮಗಳು ಕಾಫಿ ಚೆನ್ನಾಗಿ ಮಾಡ್ತಾಳೆ."

"ಬರ್ತೀನಮ್ಮ" ಎಂದು ಮೇಡಂ ಬೀಗ ತೆಗೆದು, ನಮಗಿಂತ ಮುಂದಾಗಿ ಅಡುಗೆಮನೆಗೆ ಹೋಗಿಬಿಟ್ಟರು. ನಾನು ತಾಯಿಯನ್ನು ನಡುಮನೆಯಲ್ಲಿ ಕೂರಿಸಿದೆ. ಒಳಗೆ ಪಾತ್ರೆಯ ಸದ್ದಾಯಿತು. ತಾಯಿ ಆ ಕಡೆಗೆ ಕಿವಿಯಾನಿಸಿ, ಇಡೀ ಮನೆಗೆ ಕೇಳುವಂತೆ ಕೂಗಿದರು.

"ಬಂದೆ ಕಣೇ!"

"ಬಾಮ್ಮ, ಕೂತ್ಕೋ. ಕಾಫಿ ತಂದೆ" ಎಂದು ಒಳಗಿನಿಂದ ದನಿ ಬಂತು.

"ಸಕ್ಕರೆ ಕಮ್ಮಿ ಹಾಕೇ. ನಿನ್ ಕೈ ಜೋರು."

"ಗೊತ್ತಮ್ಮ."

"ಆರೋಗ್ಯವಾಗಿದ್ದೀಯಾ? ಊಟ ತಿಂಡಿ ಸರಿಯಾಗ್ ಮಾಡ್ತಿದ್ದೀಯಾ?"

"ಮಾಡ್ತಿದ್ದೀನಮ್ಮ. ನೀನು?"

ಗೋಡೆಯ ಆಚೆಗೂ ಈಚೆಗೂ ಹೀಗೆ ತಾಯಿ ಮಗಳು ಮಾತಾಡಿದರು. ತಾಯಿ ಸಣ್ಣಗೆ ನಗುತ್ತಿದ್ದರು. ಬಹಳ ಹೊತ್ತಾದರೂ ಮೇಡಂ ಆಚೆ ಬರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋದೆ. ಕಾಫಿ ಆಗಲೇ ಲೋಟಗಳಲ್ಲಿತ್ತು. ಮೇಡಂ ಒಲೆಯ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದರು, ಕೆನ್ನೆಯೆಲ್ಲ ಒದ್ದೆ. ಲೋಟಗಳನ್ನು ನನ್ನ ಕೈಗಿಟ್ಟರು.

"ನೀನೇ ಕೊಡು" ಎಂದು ಪಿಸುಗುಟ್ಟಿದರು. "ನಾನ್ ಆಚೆ ಬಂದ್ರೆ ಮಗಳು ಹೋಗ್ಬಿಡ್ತಾಳೆ."